ಇಳಿಜಾರಿನಲ್ಲಿ ಎಣ್ಣೆ ಬದಲಿಸುವುದು

ಮೊದಲು ಕಲ್ಲು. ಎರಡು, ಹಿಂದಿನ ಗಾಲಿಗಳ ಬುಡಕ್ಕೆ.
ವಾಲ್ಪರೈಸೊದಲ್ಲಿ ಸಮತಟ್ಟು ನೆಲ ಅಂತಿದ್ದರೆ
ಅದು ಬಂದರಿನಲ್ಲಿ, ಹಡಗಿನವರ ಪಾಲಿಗೆ;
ಗುಡ್ಡ ಹತ್ತಿದ ನಮಗೆ ಈ ಅಂಗೈಯಗಲ ಜಾಗ,
ಅದೂ ನಾನೇ ತೇಪೆ ಹಾಕಿದ ಸಿಮೆಂಟು.
ಹಲಗೆ ಕೊಟ್ಟು ಮಟ್ಟ ಮಾಡು ರಾಯೆನ್,
ಟ್ರಕ್ಕು ವಾಲಿದರೆ ಹಳೆ ಎಣ್ಣೆ ಮೂಲೆ ಹಿಡಿದು ಕೂರುತ್ತೆ,
ಎಬ್ಬಿಸಿದರೂ ಏಳೋಲ್ಲ.

ಎಂಜಿನ್ ಐದು ನಿಮಿಷ ಓಡಲಿ. ಜಾಸ್ತಿ ಬೇಡ.
ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡ್ತೀವಲ್ಲ, ಅಷ್ಟು ಬೆಚ್ಚಗೆ.
ತಣ್ಣಗಿದ್ದರೆ ಬೆಲ್ಲದ ಪಾಕ,
ಕಾದು ಸುಡುತ್ತಿದ್ದರೆ ನಿನ್ನ ಅಂಗೈ ಚರ್ಮ.

ರಟ್ಟು ಹಾಸು, ಫ್ರಿಜ್ಜಿನ ಪೆಟ್ಟಿಗೆಯದು. ಅದರ ಮೇಲೆ ಪೇಪರು.
ಫುಟ್‌ಬಾಲ್ ಪುಟ ಮೇಲಿರಲಿ; ನಮ್ಮ ತಂಡ ಮತ್ತೆ ಸೋತಿದೆ,
ಕಪ್ಪಾದರೆ ಯಾರಿಗೂ ಬೇಜಾರಿಲ್ಲ.
ಬೋಗುಣಿ ಅಗಲದ್ದು ಬೇಕು. ನೀನು ತಂದದ್ದು ಸೂಪು ಕುಡಿಯೋಕೆ ಸರಿ.
ಗಾಳಿ ಬರುವ ಕಡೆಗೊಂದು ಮರೆ; ಇಲ್ಲಿ ಮಧ್ಯಾಹ್ನವಾದರೆ
ಸಮುದ್ರ ಗುಡ್ಡ ಏರಿ ಬಂದು ಧಾರೆಯನ್ನು ಪಕ್ಕಕ್ಕೆಳೆಯುತ್ತೆ.

ಈಗ ಬಿರಡೆ. ಸ್ಪ್ಯಾನರಿನಲ್ಲಿ ಸಡಿಲಿಸು, ಆಮೇಲೆ ಬೆರಳು.
ಬಿಚ್ಚುತ್ತಾ ಬಿಚ್ಚುತ್ತಾ ಒಳಕ್ಕೇ ಒತ್ತಿಕೊಂಡಿರು,
ಹೊರಡು ಅನ್ನುತ್ತಲೇ ಬಾಗಿಲಿಗೆ ಅಡ್ಡ ನಿಂತವರ ಹಾಗೆ.
ಕೊನೆಯ ಎಳೆ ಬಿಟ್ಟಿತು ಅಂತ ಬೆರಳಿಗೆ ಗೊತ್ತಾಗುತ್ತೆ,
ಆಗ ಸರಕ್ಕನೆ ಪಕ್ಕಕ್ಕೆ.
ಮಣಿಕಟ್ಟು ಮೊಣಕೈಗಿಂತ ಮೇಲೇರದಿರಲಿ, ಇಲ್ಲಾಂದ್ರೆ
ಎಣ್ಣೆ ಕಂಕುಳದ ವಿಳಾಸ ಕೇಳಿಕೊಂಡು ಹೊರಡುತ್ತೆ.
ಧಾರೆ ಮೊದಲು ದೂರಕ್ಕೆ ಹಾರುತ್ತೆ, ಹರೆಯ;
ಆಮೇಲೆ ನೆಟ್ಟಗೆ ಬುಡಕ್ಕೆ. ಬೋಗುಣಿ ಅದರ ಹಿಂದೆ ಸರೀಬೇಕು.
ಮೇಲಿನ ಮುಚ್ಚಳ ಆಗ ತೆಗಿ, ಮೊದಲೇ ಅಲ್ಲ.

ತಲೆ ಎತ್ತಬೇಡ. ಕೆಳಗೆ ಮೂರನೆ ಮೆಟ್ಟಿಲಲ್ಲಿ
ನಾಯಿ ಹಿಡಕೊಂಡು ನಿಂತಿದ್ದಾನಲ್ಲ, ಅವನೇ ಎರ್ಮೊಹೆನೆಸ್.
ಹನ್ನೊಂದು ವರ್ಷದ ಹಿಂದೆ ನಾನು ಬೋಗುಣಿ ಒದ್ದೆ.
ನಾಲ್ಕು ಲೀಟರು. ಎಪ್ಪತ್ತೆರಡು ಮೆಟ್ಟಿಲು.
ಎಣ್ಣೆಗೆ ಅವಸರವಿರಲಿಲ್ಲ. ಪ್ರತಿ ಮೆಟ್ಟಿಲಲ್ಲೂ ಕೂತು,
ದಣಿವಾರಿಸಿಕೊಂಡು, ಅಂಚು ತುಂಬಿ, ಮತ್ತೆ ಇಳಿದು,
ಅವನ ಹೊಸ್ತಿಲಲ್ಲಿ, ಆವತ್ತೇ ಹಳದಿ ಬಳಿದ ಬಾಗಿಲ ಮುಂದೆ,
ಒಳಗೆ ಹೋಗಲೋ ಬೇಡವೋ ಅಂತ ಯೋಚಿಸಿ
ಹೋಯಿತು.
ಮರದ ಹೊಟ್ಟು ಮೂರು ಮೂಟೆ, ಬಟ್ಟೆ ಸೋಪು, ನನ್ನ ಮಂಡಿ.
ಮಳೆ ಬಂದರೆ ಈಗಲೂ ಹದಿನಾಲ್ಕನೆ ಮೆಟ್ಟಿಲಿಗೆ ನವಿಲು ಬಣ್ಣ.
ಅಂದಿನಿಂದ ಮಾತಿಲ್ಲ. ನಾನು ಟ್ರಕ್ಕಿನಡಿ ಮಲಗಿದಾಗಲೆಲ್ಲ
ಬಂದು ನಿಲ್ತಾನೆ, ಮುಗಿಯುವ ತನಕ.
ಯಾರು ಕಲಿಸಿದ್ದು ಅಂತ ಕೇಳಿದೆಯಲ್ಲ,
ಆ ಕಣ್ಣು.

ಫಿಲ್ಟರಿಗೆ ಬ್ರೆಡ್ಡಿನ ಚೀಲ ತೊಡಿಸಿ ಹೊರಗಿನಿಂದ ತಿರುಗಿಸು;
ಚೆಲ್ಲುವುದೆಲ್ಲ ಚೀಲದೊಳಗೇ ಚೆಲ್ಲಲಿ,
ಮನೆ ಜಗಳ ಮನೆಯೊಳಗೆ.
ಹಳೆ ರಬ್ಬರು ಬಳೆ ಅಂಟಿಕೊಂಡು ಉಳಿದಿದೆಯಾ, ಮುಟ್ಟಿ ನೋಡು.
ಹೊಸದಕ್ಕೆ ಬೆರಳಲ್ಲಿ ಎಣ್ಣೆ ಸವರು, ಕೂಸಿನ ನೆತ್ತಿಗೆ ಸವರಿದಷ್ಟೇ.
ಕೈಯಲ್ಲೇ ಬಿಗಿ. ಬಿರಡೆಗೆ ಹೊಸ ವಾಷರು; ಅಲ್ಲಿ ಜುಗ್ಗತನ ಬೇಡ.

ಹುಯ್ಯುವಾಗ ಡಬ್ಬಿಯ ಬಾಯಿ ಮೇಲ್ಗಡೆ ಬರುವಂತೆ ಅಡ್ಡ ಹಿಡಿ,
ಗುಳುಗುಳು ಕಕ್ಕುವುದಿಲ್ಲ.
ಆಲಿಕೆ ಇಲ್ಲದಿದ್ದರೆ ಸೋಡಾ ಬಾಟಲಿಯ ತಲೆ ಕತ್ತರಿಸು.

ಕಪ್ಪು ಎಣ್ಣೆ ಈ ಕ್ಯಾನಿಗೆ. ಮೇಲೆ ದಪ್ಪಕ್ಷರದಲ್ಲಿ ಬರಿ.
ಬರೆಯದೆ ಇಟ್ಟದ್ದನ್ನು ನಮ್ಮ ಚಿಕ್ಕಮ್ಮ ಒಮ್ಮೆ
ಕಾಕಂಬಿ ಅಂದುಕೊಂಡು... ಇರಲಿ, ಅದು ಇನ್ನೊಂದು ಕಥೆ.
ಸೋಮವಾರ ಗ್ಯಾರೇಜಿನವರು ತಗೋತಾರೆ. ಮೋರಿಗೆ ಬೇಡ:
ಇಲ್ಲಿ ಮೋರಿಗಳೂ ಸಮುದ್ರಕ್ಕಿಳಿಯುವ ಮೆಟ್ಟಿಲೇ.

ರಟ್ಟು ಮಡಚು, ಕಪ್ಪು ಒಳಗಾಗಿ.
ನೋಡು ಸಿಮೆಂಟು. ಹೀಗಿರಬೇಕು.
ಅವನೂ ನೋಡ್ತಿದ್ದಾನೆ, ಬಗ್ಗಿ, ಕನ್ನಡಕ ಒರೆಸಿಕೊಂಡು,
ಒಂದೇ ಒಂದು ಹನಿಗಾಗಿ.
ಪಾಪ. ಇವತ್ತೂ ಏನೂ ಸಿಗಲಿಲ್ಲ.
ನಾಯಿಯನ್ನು ಎಳಕೊಂಡು ಇಳೀತಿದ್ದಾನೆ, ನಿಧಾನ, ಪ್ರತಿ ಮೆಟ್ಟಿಲಲ್ಲೂ ನಿಂತು.

ಮುಂದಿನ ಸಲ, ರಾಯೆನ್,
ಮುಂದಿನ ಸಲ ಬೇಕಾದರೆ ನಾವೇ ಒಂದು...
ಬೇಡ.
ಕೈ ಒರೆಸಿಕೋ. ಬಾಗಿಲಿಗಲ್ಲ, ಚಿಂದಿಗೆ.